ಮಿರ್ಚಿಯ ಮೇಲಿನ ಮೂರು ಗೆರೆ

ಹಸಿ ಎನಾಮಲ್ ಬಣ್ಣದ ವಾಸನೆ ಮೂಗಿಗೆ ಬಡಿದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಈ ಸಲ ದಸರೆಗೆ ಎರಡು ವಾರವಿರುವಾಗಲೇ ಎದುರು ಮನೆಯವರು ಗೇಟಿಗೆ ಹಸಿರು ಬಣ್ಣ ಹಚ್ಚಿಸಿದರು. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ರಸ್ತೆ ಸಾಕಷ್ಟು ಅಗಲವಾಗಿಯೇ ಇದೆ, ಆದರೆ ವಾಸನೆ ರಸ್ತೆ ದಾಟುವಾಗ ಎಡಬಲ ನೋಡುವುದಿಲ್ಲ. ನಾನು ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೆ, ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿದ್ದರೆ ಗತಿಯೇನು ಎನ್ನಿಸಿ ಮತ್ತೆ ತೆರೆದೆ. ನನ್ನ ಪರಿಚಯ ನಿಮಗೆ ಇಷ್ಟರಲ್ಲೇ ಆಯಿತೆಂದುಕೊಳ್ಳುತ್ತೇನೆ. ಕಾಲೇಜೊಂದರ ಗ್ರಂಥಾಲಯ ನೋಡಿಕೊಳ್ಳುವವನು, ವಯಸ್ಸು ಐವತ್ತೆರಡು, ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟಾಪಿನಿಂದ ವಾಪಸು ಬಂದು ನಾಲ್ಕನೆಯ ಸಲ ಎಳೆಯುವವನು.

ಕಿಟಕಿ ತೆರೆದು ಮುಚ್ಚುವ ಈ ಕೆಲಸದ ನಡುವೆ ಕೊರಿಯರಿನವನು ಬಂದು ಭಾರದ ಪೊಟ್ಟಣವೊಂದನ್ನು ಕೊಟ್ಟು ಹೋದ. ಹಾಲೆಂಡಿನಿಂದ ಬಂದದ್ದು. ಒಳಗೆ ಇಟ್ಟಿಗೆಯಂಥ ಪುಸ್ತಕ, ಮೇಲೊಂದು ಕಾಗದ. ಅಲ್ಲಿನ ಮ್ಯೂಸಿಯಂ ಒಂದರ ಹೆಣ್ಣುಮಗಳು ಬರೆದಿದ್ದಳು: ಹೆಂಕ್ ಎಂಬ ಕಲಾವಿದರಿಗೆ ಈಗ ಎಂಬತ್ತೈದು ವರ್ಷ. ಅವರು ಜೀವಮಾನವಿಡೀ ಬರೆದ ಚಿತ್ರಗಳನ್ನೆಲ್ಲ ಒಂದೇ ಸೂರಿನಡಿ ತಂದು ದೊಡ್ಡ ಪ್ರದರ್ಶನ ಏರ್ಪಡಿಸಿದ್ದೇವೆ. ಮೊದಲ ಕೋಣೆಯಲ್ಲಿ ತೂಗುಹಾಕುವುದು ನಿಮ್ಮ ಸೋದರಮಾವನ ಅಂಗಡಿಯಲ್ಲಿ ಬರೆದ 'ಮಿರ್ಚಿ'ಯನ್ನು. ನಿಮ್ಮ ಮಾವ ಬದುಕಿಲ್ಲವೆಂದು ಅಂಗಡಿಯ ಜಾಗದಲ್ಲಿ ಈಗಿರುವ ಮೊಬೈಲ್ ಅಂಗಡಿಯವರು ತಿಳಿಸಿದರು, ವಿಳಾಸವನ್ನೂ ಅವರೇ ಕೊಟ್ಟರು. ಪ್ರಾರಂಭದ ದಿನ ಫೋನಿನ ಪರದೆಯ ಮೇಲೆ ಬಂದು, ಎಲ್ಲರೆದುರು ಹೆಂಕ್ ಜೊತೆ ಹತ್ತು ನಿಮಿಷ ಮಾತಾಡುತ್ತೀರಾ? ಆ ಚಿತ್ರದ ಮೇಲಿರುವ ಗುರುತಿನ ಬಗ್ಗೆ ಕೇಳಬೇಕೆಂದು ಅವರ ಆಸೆ.

ಗುರುತು ಎಂಬ ಮಾತು ಓದಿ ನಾನು ಕುರ್ಚಿ ಹುಡುಕಿದೆ.

ಪುಸ್ತಕದ ನಡುಪುಟದಲ್ಲಿ ಅದು ಇತ್ತು. ಗುಲಾಬಿ ಬಣ್ಣದ ತಗಡಿನ ಮೇಲೆ ನಾಲ್ಕಡಿ ಉದ್ದದ ಮೆಣಸಿನಕಾಯಿ ಬಜ್ಜಿ. ಸಂಜೆ ನಾವು ಮಂಡಕ್ಕಿಯ ಜೊತೆ ಕಡಿಯುವ ಅದೇ ಮಿರ್ಚಿ, ತೊಟ್ಟು ಸಹಿತ. ಅದರ ನೆತ್ತಿಯ ಮೇಲೆ ಮೂರು ಬಿಳಿ ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು. ಕೆಳಗೆ ಬರೆದಿದ್ದರು: 'ಹರಿಹರದ ಗುರು ರುದ್ರಪ್ಪನವರು ಶಿಷ್ಯನ ಚಿತ್ರಕ್ಕೆ ಸ್ವಂತ ಕೈಯಿಂದ ನೀಡಿದ ಆಶೀರ್ವಾದ.' ಗೆರೆಗಳ ಪಕ್ಕ ಅಂಗೈಯಗಲ ಬಣ್ಣ ಒರೆಸಿದಂತೆ ಇತ್ತು; ಅದರ ಬಗ್ಗೆ ಪಂಡಿತರೊಬ್ಬರು ಒಂದೂವರೆ ಪುಟ ಬರೆದಿದ್ದರು. ಇರುವುದನ್ನು ಅಳಿಸಿ ಇಲ್ಲದ್ದನ್ನು ತೋರಿಸುವ ಪೂರ್ವದೇಶದ ಚಿಂತನೆಯಂತೆ. ಆ ಚಿಂತನೆ ನನ್ನ ಹಳೆಯ ಬನಿಯನ್ನಿನದು. ಗೆರೆಗಳನ್ನು ಎಳೆದದ್ದು ರುದ್ರಪ್ಪ ಮಾವನಲ್ಲ, ನಾನು. ಎಳೆದ ಮರುಕ್ಷಣ ಹೆದರಿ ಬನಿಯನ್ನಿನ ಚಿಂದಿಯಿಂದ ಒರೆಸಲು ಹೋದವನೂ ನಾನೇ.

ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. ಎಳೆದು ನೋಡಿದೆ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಬಿ.ಎ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಅರ್ಜಿಯಲ್ಲಿ ಏನು ತಪ್ಪು ಬರೆದೆನೋ ಎಂದು ನಿದ್ದೆಗೆಡುತ್ತ ಹರಿಹರದಲ್ಲಿ ಮಾವನ ಮನೆಯಲ್ಲಿದ್ದೆ. ಮಾವ ಬೋರ್ಡು ಬರೆಯುವವನು. ಅಂಗಡಿಯ ಹೆಸರು, ಲಾರಿಯ ನಂಬರು, ಕ್ಲಿನಿಕ್ಕಿನ ಕೆಂಪು ಪ್ಲಸ್ಸು, ಗೋಡೆಯ ಮೇಲೆ ಆನೆಗಾತ್ರದ ಛತ್ರಿ. ಸ್ಕೇಲಿಲ್ಲದೆ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಆರಡಿಯ ಗೆರೆ ಎಳೆದುಬಿಡುತ್ತಿದ್ದ. ಆ ಗೆರೆ ಎಲ್ಲೂ ನಡುಗುತ್ತಿರಲಿಲ್ಲ. ನಾನು ಚಾಕ್‌ಪೀಸಿನಲ್ಲಿ ಎಳೆದರೂ ನಡುಗುತ್ತಿತ್ತು. ಜೊತೆಗೆ ನನ್ನ ಬಲಗೈಯ ಉಂಗುರದ ಬೆರಳು ಸರಿಯಿಲ್ಲ. ಚಿಕ್ಕಂದಿನಲ್ಲಿ ಸೈಕಲ್ ಚೈನಿಗೆ ಸಿಕ್ಕಿ, ಅಂದಿನಿಂದ ಪೂರ್ತಿ ನೆಟ್ಟಗಾಗುವುದಿಲ್ಲ. ಈ ಬೆರಳನ್ನು ನೆನಪಿಟ್ಟುಕೊಂಡಿರಿ.

ಗೋಡೆಯ ಮೇಲಿನ ಆ ಛತ್ರಿ ರೈಲುಹಳಿಗೆ ಎದುರಾಗಿತ್ತು. ಅದನ್ನು ಕಿಟಕಿಯಿಂದ ಕಂಡ ಒಬ್ಬ ಬಿಳಿಯ, ಬೆಂಗಳೂರಿಗೆ ಟಿಕೆಟ್ ತೆಗೆದಿದ್ದವನು, ಹರಿಹರದಲ್ಲೇ ಇಳಿದುಬಿಟ್ಟ. ಕೇಳುತ್ತ ಕೇಳುತ್ತ ಅಂಗಡಿ ಮುಟ್ಟಿದ. ಹೆಸರು ಹೆಂಕ್. ಮಾವ ಮೊದಲ ದಿನವೇ ಅವನಿಗೆ ಒಂದು ಅಪ್ಪ ಸೇರಿಸಿ ಹೆಂಕಪ್ಪ ಮಾಡಿದ. ದಾವಣಗೆರೆಯ ಲಾಡ್ಜೊಂದರಲ್ಲಿ ಇಳಿದುಕೊಂಡು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಮಾವನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತು ಎನಾಮಲ್ ಹಚ್ಚುವುದು ಕಲಿತ. ತಾನು ಬರೆದ ಚಿತ್ರಗಳ ಫೋಟೋ ತೋರಿಸಿದ: ಸೋಪಿನ ಪೊಟ್ಟಣ, ಮೀನಿನ ಡಬ್ಬಿ, ಐಸ್‌ಕ್ರೀಮು, ಎಲ್ಲವೂ ಗೋಡೆಯಷ್ಟು ದೊಡ್ಡವು.

ಮಾವ ಒಂದೊಂದನ್ನೂ ದೂರ ಹಿಡಿದು ನೋಡಿ ಹೇಳಿದ, "ಇದನ್ನ ನಾನೂ ಬರಿತೀನಲ್ಲೋ. ನಂಗೆ ಪೇಂಟರ್ ಅಂತಾರೆ, ಇವಂಗೆ ಆರ್ಟಿಸ್ಟ್ ಅಂತಾರಾ? ಕೇಳು ಅವನ್ನ, ಯಾಕ ಅಂತ."

ದುಭಾಷಿ ನಾನು. ಇಂಗ್ಲಿಷ್ ಓದುತ್ತಿದ್ದೆ, ಆದರೆ ಬಾಯಿಗೆ ಬಂದರೆ ತಪ್ಪಾದೀತೆಂಬ ಭಯಕ್ಕೆ ಅರ್ಧ ನುಂಗುತ್ತಿದ್ದೆ. ಈ ಪ್ರಶ್ನೆಯನ್ನಂತೂ ಪೂರ್ತಿ ನುಂಗಿ, ಚಿತ್ರಗಳು ಚೆನ್ನಾಗಿವೆ ಎನ್ನುತ್ತಾರೆ ಎಂದೆ. ಹೆಂಕಪ್ಪ ಸಂತೋಷಪಟ್ಟು ಐದು ನಿಮಿಷ ಕೈಯಾಡಿಸುತ್ತ ಏನೇನೋ ಹೇಳಿದ.

"ಏನಂತಾನೆ?"

"ನಿಮ್ಮವೂ ಚೆನ್ನಾಗಿವೆ ಅಂತಾನೆ ಮಾವ."

"ಅಷ್ಟೊತ್ತು ಒದರಿದ್ದು ಬರೇ ಅಷ್ಟಕ್ಕಾ? ಉಳಿದದ್ದು ನೀನು ಎಲ್ಲಿಟ್ಕೊಂಡಿ?"

ಉಳಿದದ್ದನ್ನು ಎಲ್ಲಿಟ್ಟುಕೊಂಡೆನೋ. ಆಗ ನಗು ಬಂದಿತ್ತು. ಇಬ್ಬರು ದೊಡ್ಡ ಕೆಲಸಗಾರರ ನಡುವೆ ಇದ್ದದ್ದು ನನ್ನ ಗಂಟಲೊಂದೇ, ಅದೋ ಇಕ್ಕಟ್ಟಿನದು.

ಇಪ್ಪತ್ತು ದಿನವಾಗುವ ಹೊತ್ತಿಗೆ ಹೆಂಕಪ್ಪ ತನ್ನ ಮಿರ್ಚಿ ಮುಗಿಸಿದ. ಆಯುಧಪೂಜೆಯ ದಿನ ಮಧ್ಯಾಹ್ನದ ರೈಲಿಗೆ ಹೊರಡುವುದೆಂದು ಗೊತ್ತಾಗಿತ್ತು. ಹಿಂದಿನ ಸಂಜೆ ಮಾವ ಚಿತ್ರದ ಅಂಚನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ ನನಗೆ ಹೇಳಿದ, "ಮ್ಯಾಲೆ ಒಣಗಿದಂಗೆ ಕಾಣ್ತೈತೆ, ಒಳಗೆ ಇನ್ನೂ ಹಸಿ. ಮುಟ್ಟಬ್ಯಾಡ." ಎನಾಮಲ್ಲಿನ ಗುಣವೇ ಅದು. ಹೊಳೆಹೊಳೆಯುತ್ತ ಗಟ್ಟಿಯಾದಂತೆ ನಟಿಸುತ್ತದೆ, ನಂಬಿ ಬೆರಳಿಟ್ಟರೆ ಬೆರಳನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಬೋರ್ಡಿನವರು ತುದಿಬೆರಳು ಇಡುವುದಿಲ್ಲ, ಬೆರಳಿನ ಹಿಂಬದಿ ಸೋಕಿಸಿ ನೋಡುತ್ತಾರೆ.

ಮರುದಿನ ಬೆಳಿಗ್ಗೆ ಮಾವ ಹೊಳೆಗೆ ಸ್ನಾನಕ್ಕೆ ಹೊರಟು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ, "ಈಬತ್ತಿ ಕಲಸಿಟ್ಟೀನಿ. ಅಂಗಡಿಯಾಗಿನ ಎಲ್ಲಾದಕ್ಕೂ ಹಚ್ಚು. ಒಂದೂ ಬಿಡಬ್ಯಾಡ. ಬಿಟ್ಟದ್ದು ವರ್ಷಪೂರ್ತಿ ಕೈ ಕೊಡ್ತೈತೆ."

ನೀವು ನಮ್ಮ ಕಡೆಯವರಾದರೆ ಬಲ್ಲಿರಿ, ಆ ದಿನ ವಿಭೂತಿಯ ಮೂರು ಬೆರಳು ತಪ್ಪಿಸಿಕೊಳ್ಳುವ ವಸ್ತುವಿಲ್ಲ. ಏಣಿಗೆ ಹಚ್ಚಿದೆ. ಕುಂಚಗಳಿಗೆ, ಬಣ್ಣದ ಡಬ್ಬಿಗಳಿಗೆ, ಸ್ಟೂಲಿಗೆ, ಸೈಕಲ್ಲಿಗೆ, ಕೆಟ್ಟುಹೋದ ರೇಡಿಯೋಗೆ, ನಲ್ಲಿಗೂ ಹಚ್ಚಿದೆ. ಕೊನೆಗೆ ತಿರುಗಿ ನೋಡಿದರೆ ಮೂಲೆಯಲ್ಲಿ ಮಿರ್ಚಿ ಒಂಟಿಯಾಗಿ ನಿಂತಿತ್ತು.

ಅದರೆದುರು ನಾನು ಎಷ್ಟು ಹೊತ್ತು ನಿಂತೆನೋ. ಮುಟ್ಟಬ್ಯಾಡ ಎಂದವನೂ ಮಾವ, ಒಂದೂ ಬಿಡಬ್ಯಾಡ ಎಂದವನೂ ಮಾವ. ಮುಟ್ಟಿದರೆ ಕೆಡುತ್ತದೆ, ಬಿಟ್ಟರೆ ಕೈ ಕೊಡುತ್ತದೆ. ಧೈರ್ಯಸ್ಥರಾದರೆ ಹೊಳೆಯ ತನಕ ಹೋಗಿ ಕೇಳಿ ಬರುತ್ತಿದ್ದರು. ನನಗೆ ಕಂಡದ್ದು ರೈಲು, ವಿಮಾನ, ಗೊತ್ತಿಲ್ಲದ ದೇಶ. ಈ ಅಂಗಡಿಯಿಂದ ಅಷ್ಟು ದೂರ ಹೋಗುವುದು ಇದೊಂದೇ. ಇದೊಂದನ್ನೇ ಬಿಟ್ಟು, ದಾರಿಯಲ್ಲಿ ಏನಾದರೂ ಆದರೆ? ಮೂರು ಬೆರಳು ಅದ್ದಿ ಎಳೆದುಬಿಟ್ಟೆ. ಕುಂಕುಮವನ್ನೂ ಇಟ್ಟೆ. ಬೆರಳಿನಡಿ ಬಣ್ಣ ಮೆತ್ತಗೆ ಜರುಗಿದ್ದು ತಿಳಿಯಿತು. ಚಿಂದಿ ಹಿಡಿದು ಒರೆಸಿದರೆ ವಿಭೂತಿ ಹೋಗಲಿಲ್ಲ, ಪಕ್ಕದ ಗುಲಾಬಿ ಬಣ್ಣ ಕಿತ್ತು ಬಂತು.

ಆಗಲೇ ಹೆಂಕಪ್ಪ ಒಳಗೆ ಬಂದ.

ಚಿತ್ರ ನೋಡಿದ. ಬಹಳ ಮೆಲ್ಲಗೆ ಕೇಳಿದ, "ಯಾರು ಮಾಡಿದ್ದು?"

ಚಿಂದಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ಹೇಳಿದೆ, "ಮಾವ."

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಕಣ್ಣು ಕೆಂಪಾದವು. ಅಷ್ಟು ಸಿಟ್ಟನ್ನು ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ ಎಂದು ಅಂದುಕೊಂಡೆ. ಮಾವ ಒದ್ದೆ ತಲೆಯಲ್ಲಿ, ಕೈಯಲ್ಲಿ ಚೆಂಡುಹೂವಿನ ಸರ ಹಿಡಿದು ಬಂದ. ಹೆಂಕಪ್ಪ ಎದ್ದು ಅವನಿಗೆ ಕೈಮುಗಿದ, ನನ್ನ ಕಡೆ ತಿರುಗಿ ನಡುಗುವ ದನಿಯಲ್ಲಿ ಉದ್ದಕ್ಕೆ ಏನೋ ಹೇಳಿದ. ಕಿವಿಯಲ್ಲಿ ಎದೆಬಡಿತ ಬಿಟ್ಟರೆ ನನಗೆ ಒಂದಕ್ಷರವೂ ಕೇಳಲಿಲ್ಲ. ಚಿತ್ರವನ್ನು ಯಾರೂ ಸೋಕದಂತೆ ಎತ್ತಿಕೊಂಡು, ನಾಲ್ಕು ಮೂಲೆಗೆ ಕಟ್ಟಿಗೆಯ ಚೂರು ಕೊಟ್ಟು, ಹಾಸಿಗೆಬಟ್ಟೆ ಸುತ್ತಿ, ಆಟೋ ಹತ್ತಿ ಹೋಗಿಬಿಟ್ಟ. ಮಾವ ತರಿಸಿಟ್ಟಿದ್ದ ಹೋಳಿಗೆಯನ್ನೂ ಮುಟ್ಟಲಿಲ್ಲ.

"ಏನಂದ್ನೋ?"

"ಹೊರಡ್ತೀನಿ ಅಂದ."

ಮಾವ ರಸ್ತೆ ನೋಡುತ್ತ ನಿಂತಿದ್ದ. "ಚಿತ್ರದ ಮ್ಯಾಲೆ ಈಬತ್ತಿ ಇದ್ದಂಗಿತ್ತಲ್ಲ."

"ನಂಗೊತ್ತಿಲ್ಲ ಮಾವ."

ಅವನು ನನ್ನ ಕೈ ನೋಡಿದನೋ ಇಲ್ಲವೋ ಹೇಳಲಾರೆ. ಚೆಂಡುಹೂವಿನ ಸರವನ್ನು ಏಣಿಗೆ ಹಾಕುತ್ತ ಹೇಳಿದ, "ತಪ್ಪು ನಂದೇ. ಒಂದೂ ಬಿಡಬ್ಯಾಡ ಅಂದೋನು ನಾನೇ ಅಲ್ಲೇನು."

ಮುಂದಿನ ವರ್ಷದ ಆಯುಧಪೂಜೆಗೆ ಮಾವ ಏಣಿಗೆ, ಕುಂಚಕ್ಕೆ, ಸೈಕಲ್ಲಿಗೆ ತಾನೇ ವಿಭೂತಿ ಹಚ್ಚಿದ. ಬರೆದಿಟ್ಟ ಬೋರ್ಡುಗಳ ಮುಂದೆ ಬಂದಾಗ ಕೈ ಹಿಂದೆ ತೆಗೆದುಕೊಂಡ. "ಬ್ಯಾಡ ಬಿಡು, ಯಾರ ಮನಸ್ಸು ಹೆಂಗೋ." ಹಾಗೆ ಪ್ರತಿ ವರ್ಷ. ಕಂಪ್ಯೂಟರಿನಲ್ಲಿ ಅಚ್ಚಾಗುವ ಬ್ಯಾನರು ಬಂದು ಬೋರ್ಡಿನ ಕೆಲಸ ನಿಂತುಹೋದ ಮೇಲೂ ಒಮ್ಮೊಮ್ಮೆ ಕೇಳುತ್ತಿದ್ದ, "ಹೆಂಕಪ್ಪ ಕಾಗದ ಹಾಕಿದ್ನೇನೋ? ಯಾಕ ಹಂಗ ಹೋದ ಅವ?" ಹಾಕಿಲ್ಲ ಎನ್ನುತ್ತಿದ್ದೆ. ಅದು ನಿಜ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮಾವನಿಗಿಂತ ಮೊದಲು ಬಾಗಿಲಿಗೆ ಓಡುತ್ತಿದ್ದೆ ಎಂಬುದೂ ನಿಜ. ಮಾವ ಹೋಗಿ ಹತ್ತು ವರ್ಷವಾಯಿತು. ನಾನು ಹೇಳಲಿಲ್ಲ.

ಇದನ್ನೆಲ್ಲ ಬೀರುವಿಗೆ ಬೀಗ ಹಾಕಿದ ಸಂಜೆ ಮೊದಲ ಸಲ ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಅದು ಬೆಲೆಬಾಳೋ ಚಿತ್ರ. ಕೆಡಿಸಿದ್ದಕ್ಕೆ ಕೇಸು ಹಾಕಿದ್ರೆ?" ಎಂದೆ.

"ಹಾಲೆಂಡಿನ ಪೊಲೀಸ್ರಿಗೆ ನಮ್ಮನಿ ಸಿಗಂಗಿಲ್ಲ ಬಿಡ್ರಿ. ಕೊರಿಯರಿನೋನಿಗೇ ಮೂರು ಸಲ ದಾರಿ ಹೇಳಬೇಕಾತು."

"ನಗಬ್ಯಾಡ. ಆಶೀರ್ವಾದ ಅಂತ ಆ ಮುದುಕ ನಂಬಿಕೊಂಡಾನೆ. ಅಲ್ಲ ಅಂದ್ರೆ ಎದಿ ಒಡೆದು ಸತ್ತುಗಿತ್ತಾನು. ಅಷ್ಟು ಜನರ ಮುಂದೆ."

"ಹಂಗಾರೆ ಹೌದು ಅಂದುಬಿಡ್ರಿ."

"ಅಂದ್ರೆ ಮಾವ..."

ಅವಳ ಕೈ ನಿಂತಿತು. "ಮಾವ ಏನು?"

ಹೌದು ಎಂದರೆ, ಮಾವನ ಆ ವರ್ಷಗಳೆಲ್ಲ ಎಲ್ಲಿಗೆ ಹೋಗುತ್ತವೆ? ಕೈ ಹಿಂದೆ ತೆಗೆದುಕೊಂಡ ಆ ದಸರೆಗಳು? ಗಿರಿಜಾ ಅವರೆಕಾಯಿ ಬುಟ್ಟಿ ಬದಿಗಿಟ್ಟಳು. "ನೀವು ಇಷ್ಟು ವರ್ಷ ಹಬ್ಬಕ್ಕೆ ಈಬತ್ತಿ ಹಚ್ಚೋ ಕೆಲಸ ನಂಗೇ ಯಾಕ ಬಿಡ್ತಿದ್ರಿ ಅನ್ನೋದು ಈಗ ತಿಳೀತು ನೋಡ್ರಿ," ಎಂದಳು. "ಸೋಮಾರಿ ಅಂದ್ಕೊಂಡಿದ್ದೆ."

ಹೆಂಕಪ್ಪನ ಜೊತೆ ಮಾತು ಗುರುವಾರ ಸಂಜೆ ನಾಲ್ಕು ಗಂಟೆಗೆ ಎಂದು ಗೊತ್ತಾಗಿತ್ತು. ಅಂದು ಮಧ್ಯಾಹ್ನದಿಂದಲೇ ಒಳ್ಳೆಯ ಅಂಗಿ ತೊಟ್ಟು ಕೂತಿದ್ದೆ. ಕರೆಂಟು ಹೋಗಲಿ ಎಂದು ಬಯಸಿದೆ. ಬಯಸಿದ ದಿನ ಅದು ಹೋಗುವುದಿಲ್ಲ. ಗಿರಿಜಾ ಫೋನನ್ನು ಸ್ಟೀಲಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ, ನೀರಿನ ಲೋಟ ಇಟ್ಟು, ತಾನು ಬಾಗಿಲ ಬಳಿ ನಿಂತಳು.

ಪರದೆ ಬೆಳಗಿತು. ಎತ್ತರದ ಬಿಳಿ ಗೋಡೆ, ಅದರ ಮೇಲೆ ಒಂಟಿ ಮಿರ್ಚಿ, ದೀಪದ ಬೆಳಕಿನಲ್ಲಿ. ಮುಂದೆ ಸಾಲಾಗಿ ಕೂತ ಜನ. ಗಾಲಿಕುರ್ಚಿಯಲ್ಲಿ ಹೆಂಕಪ್ಪ, ಒಣಗಿದ ಟೊಂಗೆಯಂತೆ. ಕಣ್ಣು ಮಾತ್ರ ಅವೇ. ನನ್ನ ಹೆಸರು ಸರಿಯಾಗಿ ಕರೆದ. ಆಮೇಲೆ ಕೇಳಿದ, "ರುದ್ರಪ್ಪ ಅದನ್ನು ಹಚ್ಚುವಾಗ ಏನು ಹೇಳಿದರು? ನೀನು ಅಲ್ಲಿದ್ದೆಯಲ್ಲ. ಇಷ್ಟು ವರ್ಷ ಅದೊಂದನ್ನೇ ಕೇಳಬೇಕೆಂದಿದ್ದೆ."

ಸಿದ್ಧಮಾಡಿಟ್ಟುಕೊಂಡಿದ್ದ ಇಂಗ್ಲಿಷೆಲ್ಲ ಆರಿಹೋಯಿತು. ಬಲಗೈ ಎತ್ತಿ ಫೋನಿನ ಮುಂದೆ ಹಿಡಿದೆ. ಮೂರು ಬೆರಳು ಚಾಚಿದೆ. ಎರಡು ನೆಟ್ಟಗಾದವು, ಮೂರನೆಯದು ಆಗಲಿಲ್ಲ.

"ಕೆಳಗಿನ ಗೆರೆ ನೋಡಿ," ಎಂದೆ, ಮುರುಕು ಇಂಗ್ಲಿಷಿನಲ್ಲಿ. "ಹಚ್ಚಿದ್ದು ಮಾವ ಅಲ್ಲ. ನಾನು."

ಹೆಂಕಪ್ಪ ಕೈಸನ್ನೆ ಮಾಡಿದ, ಯಾರೋ ಕುರ್ಚಿಯನ್ನು ಗೋಡೆಯ ತನಕ ತಳ್ಳಿದರು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಮೇಲಿನೆರಡು ಗೆರೆ ತುಂಬಿದ್ದವು. ಕೆಳಗಿನದು ತೆಳ್ಳಗೆ, ಅಲ್ಲಲ್ಲಿ ಹರಿದು, ಬೆರಳು ತಗುಲಿಯೂ ತಗುಲದಂತೆ. ಅವನ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಆ ಬೆನ್ನು ಅಲುಗುತ್ತದೆಯೋ ಇಲ್ಲವೋ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ.

ತಿರುಗದೆಯೇ ಕೇಳಿದ, "ಅಂದು ಮಾವ ಎಂದೆಯಲ್ಲ."

"ನಿಮಗೆ ಹೆದರಿ."

"ಯಾಕೆ ಹಚ್ಚಿದೆ?"

"ಅದೂ ಹೆದರಿ. ಅಂಗಡಿಯಲ್ಲಿ ಎಲ್ಲಕ್ಕೂ ಹಚ್ಚಿದ್ದೆ. ಇದೊಂದನ್ನೇ ಬಿಟ್ಟರೆ, ದೂರ ಹೋಗುವಂಥದ್ದು, ಇದಕ್ಕೇನಾದರೂ ಆದೀತು ಅಂತ."

ಅವನು ಕುರ್ಚಿ ತಿರುಗಿಸಿಕೊಂಡ. ಕಣ್ಣು ಕೆಂಪಾಗಿದ್ದವು. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಸಿಟ್ಟೆಂದುಕೊಂಡದ್ದು ಇದೇ ಮುಖ.

"ಆ ದಿನ ನಾನು ನಿನಗೆ ಹೇಳಿದ್ದನ್ನು ಅವರಿಗೆ ಹೇಳಿದೆಯಾ? ಒಬ್ಬ ದೊಡ್ಡ ಕೆಲಸಗಾರ ನನ್ನನ್ನು ತನ್ನ ಅಂಗಡಿಯವನೆಂದು ಒಪ್ಪಿಕೊಂಡ, ಇನ್ನು ನನಗೆ ಬೇರೆ ಬಹುಮಾನ ಬೇಡ ಎಂದು ಹೇಳಿದ್ದೆ. ಆಮೇಲೆ ಕಾಗದ ಬರೆಯಲು ಕೂತಾಗಲೆಲ್ಲ ಅದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ."

"ಹೇಳಲಿಲ್ಲ. 'ಹೊರಡ್ತೀನಿ ಅಂದ' ಎಂದಷ್ಟೇ ಹೇಳಿದೆ."

"ಅವರೇನು ತಿಳಿದರು?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನೀವೂ ಬೇಡವೆನ್ನುತ್ತಿರಲಿಲ್ಲವೇನೋ. ಆದರೆ ದುಭಾಷಿಯ ಕೆಲಸವನ್ನು ಒಂದು ಸಲವಾದರೂ ಪೂರ್ತಿ ಮಾಡಬೇಕಿತ್ತು. "ತಮ್ಮಿಂದಲೇ ನಿಮಗೆ ಬೇಸರವಾಯಿತೆಂದು ತಿಳಿದರು. ಸಾಯುವ ತನಕ ಕೇಳುತ್ತಿದ್ದರು, ಯಾಕೆ ಹಾಗೆ ಹೋದ ಎಂದು. ಆಮೇಲೆ ಯಾವ ಚಿತ್ರಕ್ಕೂ ವಿಭೂತಿ ಹಚ್ಚಲಿಲ್ಲ."

ಹೆಂಕಪ್ಪ ಎರಡೂ ಕೈ ಮುಖಕ್ಕೆ ತಂದುಕೊಂಡ. ಮ್ಯೂಸಿಯಮ್ಮಿನ ಹೆಣ್ಣುಮಗಳು ಅವನ ಭುಜ ಹಿಡಿದಳು. ನಾನಂದುಕೊಂಡೆ, ಆಯಿತು, ಕೊಂದೆ. ಬಾಗಿಲ ಬಳಿ ಗಿರಿಜಾ ಸೆರಗು ಬಾಯಿಗೊತ್ತಿಕೊಂಡಿದ್ದಳು. ಹೆಂಕಪ್ಪ ಕೈ ಕೆಳಗಿಳಿಸಿ, ನನಗಲ್ಲ, ಆ ಹೆಣ್ಣುಮಗಳಿಗೆ ಹೇಳಿದ, "ಆ ಕಾರ್ಡು ತೆಗೆಯಿರಿ. ಬೇರೆ ಬರೆಯಿರಿ. ಇವನ ಹೆಸರು ಹಾಕಿ. ಹೆದರಿ ಹಚ್ಚಿದ್ದು ಎಂದೂ ಹಾಕಿ." ನನ್ನ ಕಡೆ ನೋಡಲೇ ಇಲ್ಲ. ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯದು. ಪರದೆ ಆರಿತು.

ಮೂರು ದಿನದ ಮೇಲೆ ಹೊಸ ಕಾರ್ಡಿನ ಫೋಟೋ ಬಂತು. 'ಹರಿಹರದ ರುದ್ರಪ್ಪನವರ ಅಂಗಡಿಯಲ್ಲಿ, ಎಲ್ಲ ವಸ್ತುಗಳಿಗೂ ವಿಭೂತಿ ಹಚ್ಚುವ ದಿನ, ಈ ಚಿತ್ರವನ್ನು ಬಿಡಲು ಹೆದರಿ ಅವರ ಸೋದರಳಿಯ ಹಚ್ಚಿದ್ದು.' ಕೆಳಗೆ ನನ್ನ ಹೆಸರು. ಅದನ್ನು ನೋಡಿದಾಗಿನಿಂದ, ಅಷ್ಟು ದೂರದ ಊರಿನಲ್ಲಿ ಗೊತ್ತಿಲ್ಲದ ಜನ ನನ್ನ ಹೆಸರನ್ನು ದಿನಾ ಓದುತ್ತಾರಲ್ಲ ಎಂದು ಬೇರೊಂದು ಚಿಂತೆ.

ನಿನ್ನೆ ಆಯುಧಪೂಜೆ. ಬೆಳಿಗ್ಗೆ ಗಿರಿಜಾ ಎಂದಿನಂತೆ ವಿಭೂತಿ ಕಲಸಿ ಮಿಕ್ಸಿಯ ಕಡೆ ಹೊರಟವಳು ನಿಂತಳು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಒಂದೂ ಬಿಡಬ್ಯಾಡ್ರಿ," ಎಂದು ಒಳಗೆ ಹೋದಳು.

ಸ್ಕೂಟರಿಗೆ ಹಚ್ಚಿದೆ. ಗ್ಯಾಸಿನ ಒಲೆಗೆ, ಬೀರುವಿಗೆ, ಬೀಗಕ್ಕೂ ಹಚ್ಚಿದೆ. ಆಮೇಲೆ ಹಿತ್ತಲಿಗೆ ಹೋದೆ. ಮಾವ ತನಗಾಗಿ ಬರೆದುಕೊಂಡಿದ್ದ ಬೋರ್ಡು ಅಲ್ಲಿ ನೀರಿನ ತೊಟ್ಟಿಯ ಮೇಲೆ ಮುಚ್ಚಳವಾಗಿ ಕೂತು ಹತ್ತು ವರ್ಷವಾಗಿತ್ತು. ಎತ್ತಿ ಗೋಡೆಗೆ ನಿಲ್ಲಿಸಿ, ತೊಳೆದು, ಬಟ್ಟೆಯಿಂದ ಒರೆಸಿದೆ. 'ರುದ್ರಪ್ಪ ಪೇಂಟರ್, ಹರಿಹರ.' ಹೆಸರಿನಡಿ ಒಂದೇ ಎಳೆತದ ಹಳದಿ ಗೆರೆ, ಈ ತುದಿಯಿಂದ ಆ ತುದಿಗೆ. ಎಲ್ಲೂ ನಡುಗಿಲ್ಲ.

ಎದುರು ಮನೆಯ ಗೇಟಿನ ವಾಸನೆ ಇನ್ನೂ ಸಣ್ಣಗೆ ಬರುತ್ತಿತ್ತು. ಮೂರು ಬೆರಳು ವಿಭೂತಿಯಲ್ಲಿ ಅದ್ದಿದೆ. ಅದ್ದಿದವನು ಮತ್ತೆ ನಿಂತೆ. ಎಡಗೈ ಚಾಚಿ, ಬೆರಳಿನ ಹಿಂಬದಿಯಿಂದ ಬೋರ್ಡನ್ನು ಮೆಲ್ಲಗೆ ಮುಟ್ಟಿ ನೋಡಿದೆ.

ಒಣಗಿತ್ತು.